ಲುಕ್ಲಾ ಫ್ಲೈಟ್: ಮಂಥಲಿಯಲ್ಲಿ ಮಲಗಿದ್ದಕ್ಕೆ ಸಿಕ್ಕ ಮೊದಲ ಟ್ರಿಪ್

"ರಾತ್ರಿ ಎರಡಕ್ಕೆ ಕಾಠ್ಮಂಡು ಬಿಟ್ಟರೆ ಸಾಕಲ್ಲ, ಹಿಂದಿನ ದಿನವೇ ಮಂಥಲಿಗೆ ಹೋಗಿ ಸೊಳ್ಳೆ ಕಡಿಸಿಕೊಳ್ಳೋದು ಯಾಕೆ?" ಅಂದವರೇ ಎಲ್ಲರೂ. ಆದರೂ ಐದು ಸಲ ಬೆಂಗಳೂರಿನಿಂದ ತಂಡ ಕಟ್ಟಿಕೊಂಡು ಹೋಗಿ, ಲುಕ್ಲಾ ವಿಮಾನ ಏಳುವ ಮಂಥಲಿಯಲ್ಲಿ ಹಿಂದಿನ ರಾತ್ರಿಯೇ ಮಲಗಿದ್ದೇನೆ. ನಾಲ್ಕು ಸಲ, ಗೊತ್ತುಮಾಡಿದ ದಿನವೇ, ಬೆಳಿಗ್ಗೆ ಎಂಟರೊಳಗೆ, ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣ ಶುರುವಾಗುವ ಲುಕ್ಲಾದಲ್ಲಿ ಚಹಾ. ಐದನೆಯ ಸಲ ಮೋಡ. ಅದಕ್ಕೆ ಯಾರ ಹತ್ತಿರವೂ ಮದ್ದಿಲ್ಲ.

ಬೇಸ್ ಕ್ಯಾಂಪ್ ದಾರಿ, ಪರ್ಮಿಟ್ಟು ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ಸೀಸನ್ನಿನಲ್ಲಿ, ಅಂದರೆ ಹೆಚ್ಚುಕಮ್ಮಿ ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್, ಕಾಠ್ಮಂಡು ರನ್‌ವೇಯ ದಟ್ಟಣೆಯಿಂದಾಗಿ ಲುಕ್ಲಾದ ಬಹುಪಾಲು ಫ್ಲೈಟುಗಳು ರಾಮೆಛಾಪ್ ಜಿಲ್ಲೆಯ ಮಂಥಲಿಯಿಂದ ಏಳುತ್ತವೆ. ಅಲ್ಲಿಂದ ಹಾರಾಟ ಹದಿನೈದಿಪ್ಪತ್ತು ನಿಮಿಷ. ಅದೇ ಪುಟ್ಟ ವಿಮಾನ (ಟ್ವಿನ್ ಆಟರ್ ಅಥವಾ ಡಾರ್ನಿಯರ್) ಬೆಳಗಿನಿಂದ ಆಚೆಗೆ ಈಚೆಗೆ ಓಡಾಡುತ್ತಿರುತ್ತದೆ. ಟಿಕೆಟ್ಟಿನ ಮೇಲೆ ಬರೆದ ಗಂಟೆಗೆ ಬೆಲೆಯಿಲ್ಲ. ನಿಮ್ಮದು ಎಷ್ಟನೇ ಟ್ರಿಪ್ ಅನ್ನುವುದನ್ನು ಕೇಳಿ.

ಯಾಕೆಂದರೆ ಲುಕ್ಲಾ ಬಾಗಿಲು ಬೇಗ ಮುಚ್ಚುತ್ತದೆ. ಎತ್ತರ 2,845 ಮೀಟರ್, ರನ್‌ವೇ ಬರೀ 527 ಮೀಟರ್, ಅದೂ ಏರು: ಕೆಳತುದಿಗೂ ಮೇಲ್ತುದಿಗೂ 60 ಮೀಟರ್ ಆಸುಪಾಸು ವ್ಯತ್ಯಾಸ. ಮೇಲ್ತುದಿಯ ಹಿಂದೆ ಬೆಟ್ಟ, ಹಾಗಾಗಿ ಇಳಿಯುವುದು ಯಾವಾಗಲೂ ಏರುಮುಖವಾಗಿ, ಹಾರುವುದು ಇಳಿಮುಖವಾಗಿ. ಹೊತ್ತೇರಿದಂತೆ ಕಣಿವೆಯ ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸತೊಡಗುತ್ತದೆ, ಇಳಿಯುವ ವಿಮಾನಕ್ಕೆ ಅದು ಬೆನ್ನಗಾಳಿ. ಜೊತೆಗೆ ಮೋಡ. ಪೈಲಟ್ ಕಣ್ಣಿಗೆ ರನ್‌ವೇ ಕಾಣದಿದ್ದರೆ ಇಳಿಯುವ ಮಾತೇ ಇಲ್ಲ. ಹತ್ತು, ಹನ್ನೊಂದರ ನಂತರದ ಟ್ರಿಪ್ಪು ಲಾಟರಿ ಚೀಟಿಯಿದ್ದಂತೆ.

ಇನ್ನು ಜನ ಕೈಸುಟ್ಟುಕೊಳ್ಳುವ ನಿಯಮ. ಇವತ್ತಿನ ಫ್ಲೈಟ್ ರದ್ದಾದರೆ ನಾಳೆ ನಿಮ್ಮನ್ನು ಮೊದಲು ಕಳಿಸುವುದಿಲ್ಲ. ನಾಳೆಯ ಟಿಕೆಟ್ಟಿನವರೆಲ್ಲ ಹತ್ತಿದ ಮೇಲೆ ಸೀಟು ಮಿಕ್ಕಿದರೆ ನಿಮಗೆ. ಹಾಗಾಗಿ ಮೊದಲ ಎರಡು ಟ್ರಿಪ್ಪಿನೊಳಗಿರುವುದೇ ಆಟ. ರಾತ್ರಿ ಕಾಠ್ಮಂಡು ಬಿಟ್ಟ ವ್ಯಾನ್ ನಲವತ್ತು ನಿಮಿಷ ತಡವಾದರೆ ಆಟ ಮುಗಿಯಿತು. ಅಲ್ಲಿಂದ ಮಂಥಲಿಗೆ ದಾರಿ 130 ಕಿ.ಮೀ. ಆಸುಪಾಸು, ಮೊದಲು ನಾಲ್ಕೈದು ಗಂಟೆ ಹಿಡಿಯುತ್ತಿತ್ತು. 2024ರ ಸೆಪ್ಟೆಂಬರ್ ನೆರೆಯಲ್ಲಿ ರೋಶಿ ನದಿ ಆ ದಾರಿಯ ಬಿ.ಪಿ. ಹೆದ್ದಾರಿಯನ್ನು ಕೊಚ್ಚಿಹಾಕಿದ ಮೇಲೆ ಆ ಲೆಕ್ಕವೂ ಹೋಯಿತು. ಹಗಲಲ್ಲಿ ಹೋದರೆ ರಸ್ತೆ ಕೆಟ್ಟಿದ್ದು ಕಾಣುತ್ತದೆ, ಡ್ರೈವರ್ ತೂಕಡಿಸುವುದಿಲ್ಲ. ಮಂಥಲಿ 500 ಮೀಟರಿಗಿಂತ ಕೆಳಗಿದೆ, ಸೆಕೆ. ದಪ್ಪ ಸ್ಲೀಪಿಂಗ್ ಬ್ಯಾಗ್ ಬಿಚ್ಚಬೇಡಿ, ಒಂದು ಪಂಚೆ ಸಾಕು. ಸೊಳ್ಳೆ ಮುಲಾಮು ಮರೆಯಬೇಡಿ.

ಮೊದಲ ಟ್ರಿಪ್ಪಿನ ಸೀಟು ಯಾರಿಗೆ, ಎಷ್ಟು ದಿನ ಮುಂಚೆ ಹೇಳಿ ಗಿಟ್ಟಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲಾರೆ. ಎಲ್ಲರೂ ಅದನ್ನೇ ಮಾಡಿದರೆ ನನಗೆ ಸಿಗುವುದಿಲ್ಲ!

ತೂಕ. 10 ಕಿಲೋ ಲಗೇಜು, 5 ಕಿಲೋ ಕೈಚೀಲ. ಚಕ್ರದ ಟ್ರಾಲಿ ಖಾಲಿಯೇ ಮೂರು ಕಿಲೋ ದಾಟುತ್ತದೆ, ಮನೆಯಲ್ಲೇ ಬಿಡಿ. ಒಂದು ಕಿಲೋದೊಳಗಿನ ಮೆತ್ತನೆಯ ಡಫಲ್ ಚೀಲ ತನ್ನಿ. ಮನೆಯ ಕೊಕ್ಕೆ ತಕ್ಕಡಿಗೂ ಕೌಂಟರಿನ ತಕ್ಕಡಿಗೂ ನಾನು ಕಂಡಂತೆ ಮುನ್ನೂರರಿಂದ ಐನೂರು ಗ್ರಾಂ ವ್ಯತ್ಯಾಸ, ಆದ್ದರಿಂದ 9.5ಕ್ಕೆ ನಿಲ್ಲಿಸಿ. ಬೂಟು ಕಾಲಲ್ಲಿ, ಡೌನ್ ಜಾಕೆಟ್ ಮೈಮೇಲೆ, ಜೇಬಲ್ಲಿ ಚಿಕ್ಕಿ. ಹೆಚ್ಚುವರಿ ತೂಕಕ್ಕೆ ಕಿಲೋಗೆ ನೂರಿನ್ನೂರು ನೇಪಾಳಿ ರೂಪಾಯಿ ಕೊಟ್ಟ ನೆನಪು. ನಷ್ಟ ದುಡ್ಡಿನದಲ್ಲ: ಹೆಚ್ಚಾದ ಚೀಲವನ್ನು ಮುಂದಿನ ಟ್ರಿಪ್ಪಿಗೆ ತಳ್ಳುತ್ತಾರೆ, ಆ ಟ್ರಿಪ್ ರದ್ದಾದರೆ ನೀವು ಮೇಲೆ, ಚೀಲ ಕೆಳಗೆ. ಔಷಧಿ, ಸ್ಲೀಪಿಂಗ್ ಬ್ಯಾಗ್, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ಗ್ಯಾಸ್ ಡಬ್ಬಿ ಬಿಡುವುದಿಲ್ಲ, ಮೇಲೇ ಕೊಳ್ಳಿ.

ದುಡ್ಡಿನ ವಿಷಯದಲ್ಲಿ ನನ್ನ ದೊಡ್ಡ ಪೆಟ್ಟು ಮೊದಲ ವರ್ಷದ್ದು. ನೇಪಾಳದ ಒಳನಾಡು ಫ್ಲೈಟುಗಳಲ್ಲಿ ನೇಪಾಳಿಗಳಿಗೊಂದು, ಭಾರತೀಯರಿಗೊಂದು, ಉಳಿದ ವಿದೇಶಿಯರಿಗೊಂದು ದರ. ಮಧ್ಯವರ್ತಿ ನಮ್ಮ ಆರು ಜನರಿಗೂ ಆ ವಿದೇಶಿಯರ ಡಾಲರ್ ದರ ಹಾಕಿದ್ದ. ನಮ್ಮ ಇಪ್ಪತ್ತು ಸಾವಿರದ ಮೇಲೆ ಹೋಯಿತು. ಈಗ ಬುಕಿಂಗ್ ಜೊತೆಗೇ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಪ್ರತಿ ಕಳಿಸಿ, ದರ ಬರೆಸಿಕೊಳ್ಳುತ್ತೇನೆ. ಆಧಾರ್ ನಂಬಿ ಹೊರಡಬೇಡಿ. ಮಂಥಲಿಗೆ ಹೋಗುವ ಜೀಪಿಗೆ ಹದಿನೆಂಟು ಸಾವಿರ ನೇಪಾಳಿ ರೂಪಾಯಿ ಕೊಟ್ಟಿದ್ದೆ, ಆರು ಜನಕ್ಕೆ ಹಂಚಿದರೆ ಭಾರವಲ್ಲ. ಮೋಡ ಕವಿದ ಆ ಸಲ ಇಬ್ಬರು ಕಾಯಲಾರದೆ ಹೆಲಿಕಾಪ್ಟರ್ ಹಂಚಿಕೊಂಡರು, ತಲೆಗೆ ನಾನೂರು ಡಾಲರಿನ ಮೇಲೆ. ಉಳಿದ ನಾವು ಮಾರನೇ ದಿನ ಹತ್ತೂವರೆಗೆ ಹಾರಿದೆವು.

ಹಿಂದಿರುಗುವಾಗ ಹಿಂದಿನ ಸಂಜೆಯೇ ಲುಕ್ಲಾದ ಲಾಡ್ಜಿನವರ ಕೈಗೆ ಟಿಕೆಟ್ ಕೊಡಿ. ಕಚೇರಿಗೆ ಹೋಗಿ ಖಚಿತಪಡಿಸಿ ತರುತ್ತಾರೆ. ಕಾಠ್ಮಂಡುವಿನಿಂದ ಊರಿನ ವಿಮಾನವನ್ನು ಎರಡು ದಿನ ಬಿಟ್ಟೇ ಮಾಡಿಸಿ. ಚಾರಣಕ್ಕೆ ಮುಂಚೆ ಬಿಡುವಿನ ದಿನ ಇಟ್ಟು, ನಂತರ ಇಡದೆ ಒದ್ದಾಡಿದವರನ್ನು ಕಂಡಿದ್ದೇನೆ.

ಪಕ್ಕದ ಪ್ರಯೋಗ ಎರಡು. ಡಿಸೆಂಬರಿನಲ್ಲಿ ಜನ ಕಡಿಮೆ, ಕಾಠ್ಮಂಡುವಿನಿಂದಲೇ ಹಾರೋಣ ಅಂತ ಹೋದೆ. ಲುಕ್ಲಾದಲ್ಲಿ ಗಾಜಿನಂಥ ಆಕಾಶ, ಕಾಠ್ಮಂಡುವಿನಲ್ಲಿ ಒಂಬತ್ತೂವರೆಯವರೆಗೂ ಮಂಜು! ಆ ಹೊತ್ತಿಗೆ ಮೇಲೆ ಗಾಳಿ ಎದ್ದಾಗಿತ್ತು. ಇನ್ನೊಂದು ಸಲ ವಾಪಸ್ ಫ್ಲೈಟ್ ಬಿಟ್ಟು ಲುಕ್ಲಾ ಕೆಳಗಿನ ಸುರ್ಕೆ ಹಳ್ಳಿಗೆ ಇಳಿದು ನಡೆದು, ಥಾಮ್‌ಡಾಂಡಾದಲ್ಲಿ ಜೀಪ್ ಹಿಡಿದು, ಸಲ್ಲೇರಿ ಪಟ್ಟಣದಲ್ಲಿ ರಾತ್ರಿ ಕಳೆದು ಕಾಠ್ಮಂಡು ಸೇರಿದೆ. ಫ್ಲೈಟಿಗಿಂತ ಅಗ್ಗ, ಮೋಡದ ಹಂಗಿಲ್ಲ. ಆದರೆ ಮಳೆಗಾಲದಲ್ಲಿ ಆ ರಸ್ತೆ ಕೆಸರಗದ್ದೆ. ಒಣಗಿದ ದಿನಗಳಲ್ಲೂ ಸೊಂಟ ನೆಟ್ಟಗಾಗಲು ಎರಡು ದಿನ ಬೇಕಾಯಿತು.