ಕಾರಿಲ್ಲದೆ ಮಡಿಕೇರಿಯಲ್ಲಿ ಎರಡು ರಾತ್ರಿ

ಗೊಂಬೆಗಳನ್ನೆಲ್ಲ ಹಳೇ ಸೀರೆ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿಯಾಗಿತ್ತು. ದಸರಾಕ್ಕೆ ಬಂದ ನೆಂಟರು ಹೊರಟಿದ್ದರು. ಮಗಳು ಹಾಸ್ಟೆಲಿಗೆ ವಾಪಸ್ ಹೋಗಿದ್ದಳು. ಮೈಸೂರಿನವರಿಗೆ ಗೊತ್ತು, ವಿಜಯದಶಮಿ ಮುಗಿದ ಮೇಲೆ ಮನೆ ಬಿಕೋ ಅನ್ನುತ್ತದೆ. ಆವತ್ತು ರಾತ್ರಿ ಊಟಕ್ಕೆ ಕೂತಾಗ ಇವರು ಹೇಳಿದರು: "ಗುರುವಾರ ಹೇಗೂ ರಜೆ. ಶುಕ್ರವಾರ ನಾನೊಂದು ರಜೆ ಹಾಕ್ತೀನಿ. ಎಲ್ಲಾದ್ರೂ ಹೋಗಿ ಬರೋಣ್ವಾ, ನಾವಿಬ್ರೇ?"

ನಾವಿಬ್ಬರೇ ಅಂತ ಎಲ್ಲಿಗೂ ಹೋಗಿ ಹತ್ತೊಂಬತ್ತು ವರ್ಷ ಆಗಿತ್ತು.

ಅದು 2024ರ ಅಕ್ಟೋಬರ್. ಆ ವರ್ಷ ದಸರಾ ಮುಗಿದ ಐದೇ ದಿನಕ್ಕೆ, 17ಕ್ಕೆ, ತುಲಾ ಸಂಕ್ರಮಣ. ಕಾವೇರಿ ಹುಟ್ಟುವ ತಲಕಾವೇರಿಯಲ್ಲಿ ತೀರ್ಥೋದ್ಭವದ, ಅಂದರೆ ತೀರ್ಥ ಉಕ್ಕುವ ದಿನ. ಮಡಿಕೇರಿ ಅಂದುಕೊಂಡದ್ದು ಅದಕ್ಕೇ ಅಲ್ಲ, ಹತ್ತಿರ ಅನ್ನೋ ಕಾರಣಕ್ಕೆ. ಮೈಸೂರಿಂದ ಸುಮಾರು 120 ಕಿಲೋಮೀಟರ್. ಕೊಡಗಿಗೆ ರೈಲಿಲ್ಲ, ನಮಗೆ ಕಾರಿಲ್ಲ. ಬಸ್ಸಲ್ಲೇ ಹೋಗೋದು ಅಂತ ತೀರ್ಮಾನ ಮಾಡಿದೆವು. ಮಿಕ್ಕ ಎಲ್ಲವನ್ನೂ ಆ ತೀರ್ಮಾನವೇ ನಿರ್ಧರಿಸಿತು.

ಇವರು ಮೊದಲು ಒಂದು ಪಟ್ಟಿ ಬರೆದಿದ್ದರು. ಅಬ್ಬಿ ಜಲಪಾತ, ಮಾಂದಲ್‌ಪಟ್ಟಿ, ದುಬಾರೆ, ನಿಸರ್ಗಧಾಮ, ಇರ್ಪು, ಎಲ್ಲ ಸೇರಿ ಹನ್ನೊಂದು ಜಾಗ. ಬಸ್ಸು, ಆಟೋ ನಂಬಿಕೊಂಡು ಎರಡೂವರೆ ದಿನದಲ್ಲಿ ಅಷ್ಟೆಲ್ಲ ಆಗುವುದಿಲ್ಲ. ಕೂತು ಒಂದೊಂದೇ ಹೊಡೆದು ಹಾಕಿದೆವು. ಉಳಿದದ್ದು ಮೂರು: ರಾಜಾಸೀಟ್, ಭಾಗಮಂಡಲ-ತಲಕಾವೇರಿ, ಮತ್ತೆ ಮಡಿಕೇರಿ ಪೇಟೆ. ದಿನಕ್ಕೆ ಒಂದೇ ಜಾಗ. ಗಂಡ ಹೆಂಡತಿ ಇಬ್ಬರೇ ಹೋಗುವಾಗ ಇದಕ್ಕಿಂತ ಜಾಸ್ತಿ ಬೇಡ ಅಂತ ನಾನು ಈಗ ಯಾರು ಕೇಳಿದರೂ ಹೇಳುತ್ತೇನೆ. ಜಾಗ ಜಾಸ್ತಿಯಾದಷ್ಟೂ ಮಾತೆಲ್ಲ ಟೈಮು, ಟಿಕೆಟ್ಟು, ಪಾರ್ಕಿಂಗ್ ಬಗ್ಗೆಯೇ ಆಗಿಬಿಡುತ್ತದೆ.

ಉಳಿಯೋದಕ್ಕೆ ಲಾಡ್ಜ್ ಬೇಡ, ಹೋಮ್‌ಸ್ಟೇ ಇರಲಿ ಅಂದುಕೊಂಡೆವು. ಫೋಟೊ ನೋಡಿ ದುಡ್ಡು ಕಟ್ಟಿ ಹಿಂದೊಮ್ಮೆ ಬೇರೆ ಊರಿನಲ್ಲಿ ಮೋಸ ಹೋಗಿದ್ದೆವು. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ! ಹಾಗಾಗಿ ಈ ಸಲ ಫೋನಲ್ಲಿ ಮಾತಾಡಿಯೇ ಬುಕ್ ಮಾಡಿದೆ. ಮೂರು ಪ್ರಶ್ನೆ ಕೇಳಿದೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ? ಮನೆಯವರು ಅಲ್ಲೇ ಇರ್ತೀರಾ? ರಾತ್ರಿ ಊಟ ಮನೇಲೇ ಸಿಗುತ್ತಾ? ಮೂರಕ್ಕೂ ಹೌದು ಅಂದವರು ಪೇಟೆಯಿಂದ ಮೂರು ಕಿಲೋಮೀಟರ್ ಆಚೆ ತೋಟದಲ್ಲಿರುವ ಒಬ್ಬ ಕೊಡವ ಅಮ್ಮ. ನಾವು ಸಸ್ಯಾಹಾರಿಗಳು ಅಂದಾಗ ಅವರು ಹೇಳಿದ್ದು: "ಒಳ್ಳೇದಾಯ್ತು, ನೀವು ಬರೋ ಮಾರನೇ ದಿನ ನಮ್ಮ ಮನೇಲೂ ಮಾಂಸ ಮಾಡಲ್ಲ. ಕಣಿ ಪೂಜೆ ಇರುತ್ತೆ."

ಗುರುವಾರ ಬೆಳಿಗ್ಗೆ ಬಸ್ಸು ಹತ್ತಿದೆವು. ಸಾಮಾನ್ಯ ಬಸ್ಸು, ಹಾಗಾಗಿ ಶಕ್ತಿ ಯೋಜನೆಯಲ್ಲಿ ನನಗೆ ಟಿಕೆಟ್ ಇಲ್ಲ, ಇವರಿಗೊಂದೇ. ಹುಣಸೂರು, ಪಿರಿಯಾಪಟ್ಟಣ ದಾಟಿ ಬೈಲುಕುಪ್ಪೆ ಹತ್ತಿರ ಟಿಬೆಟಿಯನ್ನರ ಬಣ್ಣದ ಬಾವುಟಗಳು. ಕೊಪ್ಪದಿಂದ ಕುಶಾಲನಗರಕ್ಕೆ ಸೇತುವೆ ದಾಟಿದರೆ ಕೊಡಗು. ಸೇತುವೆ ಕೆಳಗೆ ಕಾವೇರಿ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಸುಂಟಿಕೊಪ್ಪ ಕಳೆದ ಮೇಲೆ ತಿರುವುಗಳು ಶುರು. ಕಿಟಕಿಯಿಂದ ತಣ್ಣನೆ ಗಾಳಿ, ಅದರ ಜೊತೆ ಒದ್ದೆ ಮಣ್ಣಿನ ವಾಸನೆ. ಮಡಿಕೇರಿ ಇರೋದು ಸುಮಾರು 1,150 ಮೀಟರ್ ಎತ್ತರದಲ್ಲಿ. ಬಸ್ಸಿಳಿದ ಕೂಡಲೇ ನಾನು ಶಾಲು ಹೊದ್ದುಕೊಂಡೆ.

ಸಂಜೆ ರಾಜಾಸೀಟ್. ಕೊಡಗಿನ ಅರಸರು ಕೂತು ಸೂರ್ಯಾಸ್ತ ನೋಡುತ್ತಿದ್ದ ಜಾಗ ಅದು. ಆವತ್ತು ಸರ್ಕಾರಿ ರಜೆ, ಜನ ಜಾಸ್ತಿಯೇ ಇದ್ದರು. ಮೋಡ ಕವಿದು ಸೂರ್ಯ ಕಾಣಿಸಲೇ ಇಲ್ಲ. ಸುಮಾರು ಜನ ಎದ್ದು ಹೋದರು. ನಾವು ಕೂತೆವು. ಕಣಿವೆಯಿಂದ ಮಂಜು ಮೇಲೆದ್ದು ಎದುರಿನ ಬೆಟ್ಟಗಳನ್ನು ಒಂದೊಂದಾಗಿ ನುಂಗಿತು. ಕೊನೆಗೆ ನಮ್ಮ ಮುಂದಿನ ಕಂಬಿಯೂ ಮಸುಕಾಯಿತು. ಇವರು ನನ್ನ ಕೈ ಹಿಡಿದುಕೊಂಡರು. ಮೈಸೂರಿನಲ್ಲಿ ರಸ್ತೆ ದಾಟುವಾಗ ಬಿಟ್ಟರೆ ಕೈ ಹಿಡಿಯುವ ಮನುಷ್ಯ ಅಲ್ಲ.

ರಾತ್ರಿ ಮೋಡ ಚದುರಿತು. ಆವತ್ತು ಹುಣ್ಣಿಮೆ ಅನ್ನೋದು ನನಗೆ ಮರೆತೇ ಹೋಗಿತ್ತು. ಜಗಲಿಯಲ್ಲಿ ಕೂತರೆ ಸಿಲ್ವರ್ ಓಕ್ ಮರಗಳ ನಡುವೆ ಬೆಳದಿಂಗಳು ಬಿದ್ದು ಕಾಫಿ ಗಿಡದ ಎಲೆಗಳೆಲ್ಲ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದ್ದವು. ಆ ಅಮ್ಮ ಬೆಲ್ಲದ ಕಾಪಿ ತಂದುಕೊಟ್ಟರು. ಹಾಲಿಲ್ಲದ, ಬೆಲ್ಲ ಹಾಕಿದ ಕಪ್ಪು ಕಾಫಿ. ನನಗೆ ಮೊದಲ ಗುಟುಕಿಗೆ ಒಗ್ಗಲಿಲ್ಲ. ಎರಡನೇ ದಿನಕ್ಕೆ ನಾನೇ ಕೇಳಿ ಕುಡಿದೆ.

ಶುಕ್ರವಾರ ಇನ್ನೂ ಕತ್ತಲಿರುವಾಗಲೇ ಬಾಗಿಲು ತಟ್ಟಿದರು. "ಎದ್ದು ಬನ್ನಿ, ಕಣಿ ನೋಡಿ." ಸ್ನಾನ ಮಾಡಿ ಹೋದೆವು. ನಡುಮನೆಯಲ್ಲಿ ದೀಪದ ಮುಂದೆ ಒಂದು ತಟ್ಟೆ. ಅದರಲ್ಲಿ ಅಕ್ಕಿ, ಅಕ್ಕಿಯ ಮೇಲೆ ತೆಂಗಿನಕಾಯಿ, ಪಕ್ಕದಲ್ಲಿ ಸೌತೆಕಾಯಿ. ಅವುಗಳಿಗೆ ಕೆಂಪು ರೇಷ್ಮೆ ವಸ್ತ್ರ ಸುತ್ತಿ, ಕರಿಮಣಿ ಹಾಕಿ, ಕುಂಕುಮ ಇಟ್ಟಿದ್ದರು. ಎದುರಿಗೆ ವೀಳ್ಯದೆಲೆ, ಅಡಿಕೆ, ಗಾಜಿನ ಬಳೆ. ಅದೇ ಕಾವೇರಮ್ಮ. ಆ ಅಮ್ಮ ತಮ್ಮ ಮನೆಯ ಹೆಣ್ಣುಮಗಳ ಸೆರಗು ಸರಿ ಮಾಡುವ ಹಾಗೆ ಆ ಸೌತೆಕಾಯಿಯ ರೇಷ್ಮೆಯ ಮಡಿಕೆಯನ್ನು ಬೆರಳಲ್ಲಿ ನೀವಿ ಸರಿ ಮಾಡಿದರು. ನೋಡುತ್ತಾ ನನಗೆ ಕಣ್ಣು ತುಂಬಿತು. ಹಿಂದಿನ ದಿನ ಅವರ ಮಗ ತಲಕಾವೇರಿಯಿಂದ ತಂದ ತೀರ್ಥವನ್ನು ನಮ್ಮ ಅಂಗೈಗೂ ಹಾಕಿದರು. ಮನೆಯ ಚಿಕ್ಕವರು ಅಕ್ಕಿ ಹಾಕಿ ನಮಸ್ಕರಿಸಿ ದೊಡ್ಡವರ ಕಾಲು ಮುಟ್ಟಿದರು. ನಾವೂ ಮುಟ್ಟಿದೆವು. ಆಮೇಲೆ ಬಿಸಿ ದೋಸೆ, ಕುಂಬಳಕಾಯಿ ಕರಿ. ಹೊರಗೆ ಗದ್ದೆ ಬದಿಯಲ್ಲಿ ಬಳ್ಳಿಯ ಬಳೆ ಸಿಕ್ಕಿಸಿದ ಕೋಲುಗಳನ್ನು ನೆಟ್ಟಿದ್ದರು.

ಮಡಿಕೇರಿಯ ಬಗ್ಗೆ ಹೇಳುವವರು ಜಲಪಾತದ ಬಗ್ಗೆ ಹೇಳುತ್ತಾರೆ, ಜೀಪಿನ ಬಗ್ಗೆ ಹೇಳುತ್ತಾರೆ. ಈ ಬೆಳಗಿನ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಇದನ್ನು ಬರೆಯಲು ಕೂತದ್ದೇ ಅದಕ್ಕೆ. ಅಕ್ಟೋಬರಿನಲ್ಲಿ ಹೋಗುವುದಾದರೆ ಸಂಕ್ರಮಣದ ದಿನ ನೋಡಿಕೊಂಡು, ಅದರ ಮಾರನೇ ಬೆಳಿಗ್ಗೆ ಕೊಡವರ ಮನೆಯೊಂದರಲ್ಲಿ ಇರುವ ಹಾಗೆ ಮಾಡಿಕೊಳ್ಳಿ. ಆದರೆ ಅದು ಅವರ ಮನೆಯ ಪೂಜೆ. ಬರಬಹುದಾ ಅಂತ ಮೊದಲೇ ಕೇಳಿ. ಫೋನ್ ರೂಮಲ್ಲೇ ಬಿಟ್ಟು ಹೋಗಿ.

ತಿಂಡಿ ಆದ ಮೇಲೆ ಬಸ್ಸಲ್ಲಿ ಭಾಗಮಂಡಲ. ದಾರಿ ಉದ್ದಕ್ಕೂ ಗದ್ದೆಗಳಲ್ಲಿ ಭತ್ತ ತೆನೆ ಬಿಟ್ಟು ಹಸಿರಿಗೂ ಹಳದಿಗೂ ನಡುವಿನ ಬಣ್ಣಕ್ಕೆ ತಿರುಗಿತ್ತು. ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ ಕೂಡುತ್ತವೆ. ಮೂರನೆಯವಳು ಸುಜ್ಯೋತಿ, ಗುಪ್ತಗಾಮಿನಿ. ಸಂಗಮದಲ್ಲಿ ಮುಳುಗಿ, ಇಳಿಜಾರು ಮಾಡಿನ ಭಗಂಡೇಶ್ವರ ದೇವಸ್ಥಾನಕ್ಕೆ ಹೋಗಿ, ಅಲ್ಲಿಂದ 8 ಕಿಲೋಮೀಟರ್ ಮೇಲೆ ತಲಕಾವೇರಿಗೆ ಆಟೋ ಹಿಡಿದೆವು. ಹಿಂದಿನ ದಿನ ಸಾವಿರಾರು ಜನ ಕಾದಿದ್ದ, ತೀರ್ಥ ಉಕ್ಕುವ ಕುಂಡಿಕೆಯ ಮುಂದೆ ಈಗ ಸಣ್ಣ ಸಾಲು. ಅಷ್ಟು ಚಿಕ್ಕ ಕುಂಡಿಕೆ! 800 ಕಿಲೋಮೀಟರ್ ಹರಿಯುವ ನದಿ, ನಮ್ಮ ಮನೆ ನಲ್ಲಿಯಲ್ಲಿ ದಿನಾ ಬರುವ ನೀರು, ಇಲ್ಲಿಂದ. ಇವರು ಬಹಳ ಹೊತ್ತು ಸುಮ್ನೆ ನಿಂತಿದ್ದರು.

ವಾಪಸ್ ಬರುವಾಗ ಭಾಗಮಂಡಲದಲ್ಲಿ ಮಳೆ ಹಿಡಿದುಕೊಂಡಿತು. ಒಂದು ಬಸ್ಸು ತಪ್ಪಿತು. ಅಂಗಡಿ ಮುಂದೆ ಒಂದೇ ಛತ್ರಿ ಹಿಡಿದು ಮುಕ್ಕಾಲು ಗಂಟೆ ನಿಂತೆವು. ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಮಳೆಯನ್ನು ಲೆಕ್ಕಕ್ಕೆ ಹಿಡಿದೇ ಹೊರಡಬೇಕು. ದೂರದ ಜಾಗ ಬೆಳಿಗ್ಗೆಯೇ ಮುಗಿಸಿ, ಇಬ್ಬರಿಗೂ ಒಂದೊಂದು ಛತ್ರಿ ಇಟ್ಟುಕೊಳ್ಳಿ. ಇನ್ನೊಂದು ಜೊತೆ ಕಾಲುಚೀಲವೂ ಇರಲಿ. ತೋಟದಲ್ಲಿ ಅಡ್ಡಾಡುವುದಾದರೆ ಜಿಗಣೆ ಇರುತ್ತದೆ, ಕಾಲುಚೀಲಕ್ಕೆ ಉಪ್ಪು ಸವರಿಕೊಂಡರೆ ಸಾಕು.

ಸಂಜೆ ಮನೆಯ ಯಜಮಾನರು ತೋಟ ತೋರಿಸಿದರು. ಅರೇಬಿಕಾ ಗಿಡದಲ್ಲಿ ಕಾಯಿಗಳು ಅಲ್ಲೊಂದು ಇಲ್ಲೊಂದು ಕೆಂಪಾಗುತ್ತಿದ್ದವು. ಕೊಯ್ಲು ಇನ್ನೇನು ನವೆಂಬರಿಗೆ. ಗಿಡದ ಬುಡದಲ್ಲಿ ಉದುರಿ ಬಿದ್ದ ಕಾಯಿಗಳನ್ನು ಬಗ್ಗಿ ಹೆಕ್ಕಿ ಅಂಗೈಯಲ್ಲಿಟ್ಟು ತೋರಿಸಿದರು. ಕೆಲವು ಸೀಳಿದ್ದವು. "ಈ ಟೈಮಲ್ಲಿ ಮಳೆ ಜಾಸ್ತಿ ಆದ್ರೆ ಹೀಗೇ ಆಗೋದು." ಬೆಳಿಗ್ಗೆಯಿಂದ ಮಂಜು ಎಷ್ಟು ಚೆಂದ, ಮಳೆ ಎಷ್ಟು ಚೆಂದ ಅಂತಿದ್ದ ನಾನು ಆಮೇಲೆ ಅವರ ಮುಂದೆ ಹಾಗೆ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಪೇಟೆ, ನಡೆದುಕೊಂಡೇ. ಏರಿಳಿತ ಇದೆ, ನಿಧಾನ ಹೋದರೆ ತೊಂದರೆಯಿಲ್ಲ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನಕ್ಕೆ ಗೋಪುರ ಇಲ್ಲ, ಗುಮ್ಮಟ ಇದೆ. ಮೂಲೆಗಳಲ್ಲಿ ಮಿನಾರುಗಳಂತಹ ಕಂಬಗಳು, ಮುಂದೆ ಕೊಳ. ಕೋಟೆಯ ಒಳಗೆ ಗಾರೆಯ ಎರಡು ಆನೆಗಳು ನಿಜವಾದ ಆನೆಯಷ್ಟೇ ದೊಡ್ಡವು. ಪೇಟೆಯಲ್ಲಿ ಕಾಳುಮೆಣಸು, ಏಲಕ್ಕಿ, ಎದುರಿಗೇ ಪುಡಿ ಮಾಡಿಸಿದ ಅರ್ಧ ಕೆಜಿ ಕಾಫಿ ತಗೊಂಡೆ. ಚಿಕೋರಿ ಎಷ್ಟು ಬೆರೆಸ್ತೀರಿ ಅಂತ ಕೇಳಿ, ಬೇಡ ಅಂದೆ.

ಎಲ್ಲ ಸೇರಿ ಇಬ್ಬರಿಗೆ ಎಂಟು ಸಾವಿರದೊಳಗೆ ಮುಗಿಯಿತು, ಕಾಫಿಪುಡಿಯೂ ಸೇರಿ.

ಮಧ್ಯಾಹ್ನದ ಬಸ್ಸಿಗೆ ಹೊರಟೆವು. ವಾರಾಂತ್ಯದ ಕಾರುಗಳು ಎದುರಿನಿಂದ ಸಾಲಾಗಿ ಮೇಲೇರುತ್ತಿದ್ದವು. ಆ ಅಮ್ಮ ಬಾಳೆಎಲೆಯಲ್ಲಿ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಎಳ್ಳು ಪಜ್ಜಿ (ಎಳ್ಳಿನ ಚಟ್ನಿ) ಕಟ್ಟಿಕೊಟ್ಟಿದ್ದರು. ಕುಶಾಲನಗರದ ಸೇತುವೆ ಬಂದಾಗ ಇವರು ತಿನ್ನುವುದನ್ನು ನಿಲ್ಲಿಸಿ, ಎದ್ದು ಕಿಟಕಿಯಿಂದ ಕೆಳಗೆ ನೋಡಿದರು. "ನಿನ್ನೆ ಬೊಗಸೆಯಷ್ಟಿದ್ದಳು ಕಣೇ," ಅಂದರು.