ಮರದ ಸೌಟು, ತರಕಾರಿ ಹೆಚ್ಚುವ ಹಲಗೆಗಳಿಗೆ ಎಣ್ಣೆ ಕುಡಿಸುವುದು: ನನ್ನ ಅನುಭವ

ಮರದ ಸಾಮಾನಿಗೆ ಎಣ್ಣೆ ಹಚ್ಚುವುದು ಹೊಳಪಿಗೆ ಅಂದುಕೊಂಡವರೇ ಜಾಸ್ತಿ. ಹೊಳಪು ನಾಲ್ಕು ಸಲ ತೊಳೆದರೆ ಹೋಗುತ್ತದೆ. ಎಣ್ಣೆಯ ನಿಜವಾದ ಕೆಲಸ ಮರದೊಳಕ್ಕೆ ನೀರು ಇಳಿಯುವುದನ್ನೂ ಅಲ್ಲಿಂದ ಆರುವುದನ್ನೂ ನಿಧಾನ ಮಾಡುವುದು. ಮರ ನೀರು ಕುಡಿದರೆ ಅಗಲಕ್ಕೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಉದ್ದದಲ್ಲಿ ಹೆಚ್ಚುಕಡಿಮೆ ಏನೂ ಬದಲಾಗುವುದಿಲ್ಲ. ಒಂದು ಮುಖ ಉಬ್ಬಿ ಇನ್ನೊಂದು ಹಾಗೇ ಉಳಿದರೆ ಹಲಗೆ ಸೊಟ್ಟಗಾಗುತ್ತದೆ. ತುದಿ ಮಾತ್ರ ಬೇಗ ಒಣಗಿದರೆ ಅಲ್ಲಿಂದ ಸೀಳು ಬಿಡುತ್ತದೆ.

ಎಣ್ಣೆಯಲ್ಲಿ ಮೂರು ಜಾತಿ. ಮೊದಲನೆಯದು ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್. ಬಣ್ಣ, ವಾಸನೆ ಇಲ್ಲ, ಒಣಗುವುದಿಲ್ಲ, ಕಮಟುವುದೂ ಇಲ್ಲ. ದಿನಾ ಬಳಸುವ ಹಲಗೆಗೆ ನಾನು ಇದನ್ನೇ ಹಾಕುತ್ತೇನೆ. ಸುಗಂಧ ಬೆರೆಸಿದ ಬೇಬಿ ಆಯಿಲ್ ಬೇಡ. ಎರಡನೆಯದು ಗಾಳಿಗೆ ಗಟ್ಟಿಯಾಗುವ ಎಣ್ಣೆ: ಅಗಸೆ, ಟಂಗ್ (ಟಂಗ್ ಮರದ ಬೀಜದ ಎಣ್ಣೆ), ಆಕ್ರೋಟು. ಇವು ಬೇಗ ತೊಳೆದುಹೋಗುವುದಿಲ್ಲ, ಸೌಟಿಗೆ ಚೆನ್ನ. ಆದರೆ ಪೂರ್ತಿ ಗಟ್ಟಿಯಾಗಲು ವಾರಗಳು ಬೇಕು, ಅಲ್ಲಿಯವರೆಗೆ ಬಳಸಬಾರದು. ಬೀಜಗಳ ಅಲರ್ಜಿ ಇರುವ ಮನೆಯಲ್ಲಿ ಆಕ್ರೋಟು ಎಣ್ಣೆ ಮುಟ್ಟಬೇಡಿ. ಬಣ್ಣದಂಗಡಿಯ ‘ಬಾಯಿಲ್ಡ್’ ಅಗಸೆ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣ ಬೆರೆಸಿರುತ್ತಾರೆ. ಅದು ಅಡುಗೆಮನೆಗೆ ಬೇಡವೇ ಬೇಡ. ಮೂರನೆಯದು ಮಾಮೂಲಿ ಅಡುಗೆ ಎಣ್ಣೆ. ಕಡಲೆಕಾಯಿ, ಆಲಿವ್ ಎಣ್ಣೆ ಮರದೊಳಗೆ ಕೂತು ಕಮಟು ವಾಸನೆ ಹಿಡಿಯುತ್ತವೆ, ಸೂರ್ಯಕಾಂತಿ ಎಣ್ಣೆ ಅರೆಬರೆ ಒಣಗಿ ಅಂಟಂಟಾಗುತ್ತದೆ. ತೆಂಗಿನೆಣ್ಣೆ ಇವುಗಳಷ್ಟು ಬೇಗ ಕೆಡುವುದಿಲ್ಲ, ಆದರೆ ಸುಮಾರು 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟಿ ಮೇಲೆಯೇ ನಿಲ್ಲುತ್ತದೆ.

ಎಣ್ಣೆಗೆ ಮುಂಚೆ ಮೈ ಸಿದ್ಧವಾಗಬೇಕು. ಹೊಸ ಸಾಮಾನಿನ ಮೇಲೆ ವಾರ್ನಿಷ್ ಇದೆಯೇ ನೋಡಿ. ಒಂದು ಹನಿ ನೀರು ಬಿಟ್ಟಾಗ ಐದು ನಿಮಿಷವಾದರೂ ಹನಿಯಾಗಿಯೇ ನಿಂತರೆ ಮೇಲೆ ಏನೋ ಲೇಪ ಇದೆ ಎಂದರ್ಥ, ಅದನ್ನು ಉಜ್ಜಿ ತೆಗೆಯದೆ ಎಣ್ಣೆ ಒಳಗೆ ಹೋಗದು. 120, 180, 220 ನಂಬರಿನ ಉಪ್ಪುಕಾಗದದಲ್ಲಿ ಅದೇ ಕ್ರಮದಲ್ಲಿ, ಮರದ ಎಳೆ ಹೋದ ದಿಕ್ಕಿಗೇ ಉಜ್ಜಿ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಆಗ ಮೈಮೇಲೆ ಸಣ್ಣ ನಾರು ಎದ್ದು ಕೈಗೆ ತರಿತರಿ ತಾಗುತ್ತದೆ. 220 ಅಥವಾ 320ರಲ್ಲಿ ಹಗುರವಾಗಿ ಉಜ್ಜಿ ಅದನ್ನು ತೆಗೆಯಿರಿ. ಈ ಒಂದು ಸುತ್ತು ಬಿಟ್ಟರೆ ಮೊದಲ ಸಲ ತೊಳೆದಾಗಲೇ ಸೌಟು ಒರಟಾಗುತ್ತದೆ, ದೂರು ಎಣ್ಣೆಯ ಮೇಲೆ ಬರುತ್ತದೆ.

ಕೊನೆಯ ಸಲ ಉಜ್ಜಿದ ಮೇಲೆ ಒಂದು ದಿನವಾದರೂ ಒಣಗಬೇಕು. ಒಳಗೆ ನೀರಿದ್ದಾಗ ಎಣ್ಣೆ ಹಾಕಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಎಣ್ಣೆಯನ್ನು ಕೈ ತಾಳುವಷ್ಟು ಬೆಚ್ಚಗೆ ಮಾಡಿ, ಬಟ್ಟೆಯಲ್ಲಿ ಧಾರಾಳವಾಗಿ ಹಚ್ಚಿ. ಗಮನ ಇಡಬೇಕಾದದ್ದು ತುದಿಗಳ ಮೇಲೆ. ಅಡ್ಡ ಕೊಯ್ದ ಜಾಗದಲ್ಲಿ ಎಳೆಗಳ ಬಾಯಿ ತೆರೆದಿರುತ್ತದೆ. ಹಚ್ಚಿದ ಎಣ್ಣೆ ನೋಡನೋಡುತ್ತಲೇ ಇಂಗಿ ಆ ಜಾಗ ಮತ್ತೆ ಬೂದಿಬೂದಿಯಾಗಿ ಕಾಣುತ್ತದೆ. ಅಲ್ಲಿ ಇಂಗುವುದು ನಿಲ್ಲುವವರೆಗೆ ಹಚ್ಚುತ್ತಲೇ ಇರಿ. ಹಲಗೆಯ ಎರಡೂ ಮುಖಕ್ಕೂ ಹಚ್ಚಿ. ಕೆಳಗಿನದು ಯಾರಿಗೂ ಕಾಣುವುದಿಲ್ಲ ಎಂದು ಬಿಟ್ಟರೆ ಸೊಟ್ಟಗಾಗಲು ನಾವೇ ದಾರಿ ಮಾಡಿಕೊಟ್ಟಂತೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಉಳಿದದ್ದನ್ನು ಒರೆಸಿ. ಹೊಸ ಹಲಗೆಗೆ ಹೀಗೆ ಮೂರು ನಾಲ್ಕು ಸಲ ಬೇಕು, ಸೌಟಿಗೆ ಎರಡು ಸಾಕು.

ಇದರ ಮೇಲೆ ಮೇಣ ಹಾಕಿದರೆ ನೀರು ಇನ್ನೂ ನಿಧಾನವಾಗಿ ಇಳಿಯುತ್ತದೆ. ತೂಕದಲ್ಲಿ ಒಂದು ಪಾಲು ಜೇನುಮೇಣಕ್ಕೆ ನಾಲ್ಕು ಪಾಲು ಲಿಕ್ವಿಡ್ ಪ್ಯಾರಾಫಿನ್, ಅಂದರೆ 25 ಗ್ರಾಮಿಗೆ 100 ಗ್ರಾಂ. ನೇರ ಉರಿಗೆ ಇಡಬೇಡಿ, ಮೇಣ ಹೊತ್ತಿಕೊಳ್ಳಬಹುದು. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಜೇನುಮೇಣ 62–64 ಡಿಗ್ರಿಗೆ ಕರಗುತ್ತದೆ. ಆರಿದಾಗ ಮುಲಾಮಿನ ಹದಕ್ಕೆ ಬರುತ್ತದೆ. ತೆಳ್ಳಗೆ ತಿಕ್ಕಿ, ಸ್ವಲ್ಪ ಹೊತ್ತು ಬಿಟ್ಟು ಒಣಬಟ್ಟೆಯಿಂದ ಉಜ್ಜಿ. ಬಿಸಿ ಪಾತ್ರೆಯಲ್ಲಿ ಆಡುವ ಸೌಟಿಗೆ ಮೇಣ ವ್ಯರ್ಥ, ಕರಗಿಹೋಗುತ್ತದೆ.

ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಗಟ್ಟಿಯಾಗುವಾಗ ಅದು ಶಾಖ ಬಿಡುತ್ತದೆ, ಮುದ್ದೆಯೊಳಗೆ ಆ ಶಾಖ ಕೂಡಿಕೊಂಡು ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ದಿನದ ಆರೈಕೆ ಸುಲಭ. ನೆನೆಹಾಕಬೇಡಿ, ಡಿಶ್‌ವಾಷರ್‌ಗೆ ಹಾಕಬೇಡಿ, ತೊಳೆದ ತಕ್ಷಣ ಒರೆಸಿ. ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಎರಡೂ ಬದಿಗೆ ಗಾಳಿ ಆಡುತ್ತದೆ. ಒದ್ದೆ ಕಟ್ಟೆಯ ಮೇಲೆ ಮಲಗಿಸಿದರೆ ಅಡಿ ಉಬ್ಬಿ ಹಲಗೆ ತೊಟ್ಟಿಲಿನಂತೆ ಆಡಲು ಶುರು. ಹಾಗಾದರೆ ಉಬ್ಬಿದ ಬದಿಯನ್ನು ಮೇಲೆ ಮಾಡಿ ನೆರಳಲ್ಲಿ ಆರಲು ಬಿಡಿ, ಎಷ್ಟೋ ಸಲ ಸರಿಹೋಗುತ್ತದೆ. ಬಿಸಿಲಿಗೆ ಇಡುವುದು ಮಾತ್ರ ಸೀಳಿಗೆ ಆಹ್ವಾನ.

ವಾಸನೆ ಹಿಡಿದರೆ ಕಲ್ಲುಪ್ಪು ಹರಡಿ ಅರ್ಧ ನಿಂಬೆಹಣ್ಣಿನಿಂದ ಉಜ್ಜಿ, ತೊಳೆದು ಒಣಗಿಸಿ. ಕಬ್ಬಿಣ ತಾಗಿ ಬಂದ ನೀಲಿಗಪ್ಪು ಕಲೆಯೂ ನಿಂಬೆಗೆ ಮಾಸುತ್ತದೆ, ಅದು ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಕಬ್ಬಿಣದೊಡನೆ ಸೇರಿ ಆದದ್ದು. ಚುಕ್ಕಿಚುಕ್ಕಿಯಾಗಿ, ಮುಗ್ಗಲು ವಾಸನೆಯ ಜೊತೆ ಬಂದರೆ ಬೂಷ್ಟು. ಉಜ್ಜಿ ತೆಗೆದು ಮತ್ತೆ ಎಣ್ಣೆ ಕುಡಿಸಬೇಕು, ಕಪ್ಪು ಆಳಕ್ಕೆ ಇಳಿದಿದ್ದರೆ ಎಸೆಯುವುದೇ ಸರಿ. ಸೀಳು ಬಿಟ್ಟ ಹಲಗೆಗೆ ಗೋಂದು ಹಾಕುವುದಾದರೆ ಎಣ್ಣೆಗೆ ಮೊದಲೇ ಹಾಕಿ, ಎಣ್ಣೆ ಕುಡಿದ ಮರಕ್ಕೆ ಗೋಂದು ಹಿಡಿಯುವುದಿಲ್ಲ.