ದೊಡ್ಡ ಕಪ್ ಅಳತೆಯ ಬ್ರಾ ಆರಿಸುವುದು ಹೇಗೆ

ಹೆಗಲ ಮೇಲೆ ಸ್ಟ್ರ್ಯಾಪ್ ಕೊರೆದ ಗುಳಿ, ಬೆನ್ನಲ್ಲಿ ಮೇಲಕ್ಕೇರುವ ಪಟ್ಟಿ, ಕಪ್ಪಿನ ಅಂಚಿನಿಂದ ಉಕ್ಕಿ ಎರಡು ಭಾಗವಾದಂತೆ ಕಾಣುವ ಸ್ತನ. ಈ ಮೂರೂ ಒಟ್ಟಿಗೆ ಇದ್ದರೆ ಬ್ಯಾಂಡ್, ಅಂದರೆ ಸ್ತನದ ಕೆಳಗೆ ಮೈ ಸುತ್ತುವ ಪಟ್ಟಿ, ತೀರಾ ಸಡಿಲ, ಕಪ್ ತೀರಾ ಚಿಕ್ಕದು. ದೊಡ್ಡ ಸ್ತನದವರು ಹೆಚ್ಚಾಗಿ ಎಡವುವುದು ಇಲ್ಲೇ. ಡಿಡಿ ಕಪ್ ಎಂದರೆ ತುಂಬಾ ದೊಡ್ಡದು ಎಂಬ ನಂಬಿಕೆ ಇದಕ್ಕೆ ಅರ್ಧ ಕಾರಣ. ಬ್ರಿಟಿಷ್ ಅಳತೆಯಲ್ಲಿ ಡಿಡಿ ಅಂದರೆ ಬ್ಯಾಂಡಿಗಿಂತ ಎದೆ 5 ಇಂಚು ಹೆಚ್ಚು, ಅಷ್ಟೇ. ಅದರಾಚೆ ಇ, ಎಫ್, ಎಫ್‌ಎಫ್, ಜಿ, ಜಿಜಿ, ಎಚ್, ಎಚ್‌ಎಚ್, ಜೆ, ಜೆಜೆ, ಕೆ ಎಂದು ಇಂಚಿಗೊಂದು ಕಪ್ ಏರುತ್ತಲೇ ಹೋಗುತ್ತದೆ.

ಅಳತೆಯನ್ನು ಬ್ರಾ ಇಲ್ಲದೆ, ಇಲ್ಲವೇ ಪ್ಯಾಡ್ ಇಲ್ಲದ ತೆಳು ಬ್ರಾ ಹಾಕಿಕೊಂಡು ತೆಗೆಯಿರಿ. ಮೊದಲು ಸ್ತನದ ಬುಡಕ್ಕೆ ತಾಗುವಂತೆ ಟೇಪನ್ನು ನೆಲಕ್ಕೆ ಸಮಾನಾಂತರವಾಗಿ ಸುತ್ತಿ, ಉಸಿರು ಬಿಟ್ಟು, ಬಿಗಿಯಾಗಿ ಹಿಡಿದು ಓದಿ. ಎದೆಯ ಅಳತೆಯನ್ನು ಎರಡು ಸಲ ತೆಗೆಯಬೇಕು. ಒಮ್ಮೆ ನಿಂತು. ಇನ್ನೊಮ್ಮೆ ಬೆನ್ನು ನೆಲಕ್ಕೆ ಸಮನಾಗುವಷ್ಟು ಮುಂದೆ ಬಾಗಿ, ಸ್ತನ ತೂಗಾಡುವಾಗ ಅತಿ ದಪ್ಪನೆಯ ಜಾಗದಲ್ಲಿ, ಟೇಪು ಒತ್ತದಂತೆ. ಮೆತ್ತಗಿನ, ಭಾರದ ಸ್ತನ ನಿಂತಾಗ ಕೆಳಕ್ಕೆ ಇಳಿಯುವುದರಿಂದ ನಿಂತು ತೆಗೆದ ಅಳತೆ ಕಡಿಮೆ ಬರುತ್ತದೆ. ಎರಡರ ಸರಾಸರಿ ಹಿಡಿಯಿರಿ.

ಒಂದು ಲೆಕ್ಕ ನೋಡೋಣ. ಬುಡದ ಸುತ್ತಳತೆ 33 ಇಂಚು, ನಿಂತಾಗ ಎದೆ 44, ಬಾಗಿದಾಗ 48. ಸರಾಸರಿ 46. ಬ್ಯಾಂಡ್ ಸಮಸಂಖ್ಯೆಯಲ್ಲಿ ಬರುವುದರಿಂದ 34 ಎಂದು ಹಿಡಿದರೆ ವ್ಯತ್ಯಾಸ 12, ಅಂದರೆ ಬ್ರಿಟಿಷ್ 34ಎಚ್‌ಎಚ್. ಇದೇ ದೇಹಕ್ಕೆ ಬುಡದ ಅಳತೆಗೆ 4 ಇಂಚು ಕೂಡಿಸುವ ಹಳೆಯ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ 38ಎಫ್‌ಎಫ್ ಸಿಗುತ್ತದೆ. ಬ್ಯಾಂಡ್ ಎರಡು ಹಂತ ಸಡಿಲ, ಕಪ್ಪೂ ಎರಡು ಹಂತ ಚಿಕ್ಕದು. 34ಎಚ್‌ಎಚ್ ಕಪ್ಪಿನಷ್ಟೇ ಹಿಡಿಸುವುದು 36ಎಚ್ ಮತ್ತು 38ಜಿಜಿ. ಬ್ಯಾಂಡ್ ಒಂದು ಹಂತ ಏರಿದರೆ ಕಪ್ ಒಂದು ಹಂತ ಇಳಿಸಬೇಕು, ಬ್ಯಾಂಡ್ ಇಳಿದರೆ ಕಪ್ ಏರಿಸಬೇಕು. ನಿಮ್ಮ ಅಳತೆ ಸಿಗದಾಗ ಈ ಸೂತ್ರ ಕೈಹಿಡಿಯುತ್ತದೆ. ಆದರೆ ಒಂದು ಹಂತದಾಚೆ ಹೋಗಬೇಡಿ.

ಅಕ್ಷರ ನಂಬಿ ಕೊಳ್ಳುವ ಮುನ್ನ ಅದು ಯಾವ ದೇಶದ ಅಳತೆ ಎಂದು ನೋಡಿ. ಅಮೆರಿಕದ ಕ್ರಮದಲ್ಲಿ ಡಿಡಿ ನಂತರ ಡಿಡಿಡಿ, ಆಮೇಲೆ ಜಿ. ಹಾಗಾಗಿ ಅಲ್ಲಿನ ಜಿ 7 ಇಂಚು, ಬ್ರಿಟಿಷ್ ಜಿ 9 ಇಂಚು. ಯುರೋಪಿನ ಬ್ಯಾಂಡ್ ಸೆಂಟಿಮೀಟರಿನಲ್ಲಿರುತ್ತದೆ: 32ಕ್ಕೆ 70, 34ಕ್ಕೆ 75.

ತೊಟ್ಟು ನೋಡುವಾಗ ಹೊಸ ಬ್ರಾದ ಅತಿ ಸಡಿಲವಾದ ಹುಕ್ಕಿನ ಸಾಲಿಗೇ ಹಾಕಿ. ಎಲಾಸ್ಟಿಕ್ ಸಡಿಲವಾದಂತೆ ಒಳಗಿನ ಸಾಲಿಗೆ ಹೋಗಬಹುದು. ಆಮೇಲೆ ಮುಂದೆ ಬಾಗಿ, ಕಂಕುಳ ಕಡೆಯಿಂದ ಕೈ ಒಳಗೆ ಹಾಕಿ, ಪಕ್ಕಕ್ಕೆ ಸರಿದ ಸ್ತನವನ್ನೆಲ್ಲ ಬಾಚಿ ಕಪ್ಪಿಗೆ ತುಂಬಿ. ಬಾಚಿದ ಮೇಲೆ ಒಂದೆರಡು ಕಪ್ ದೊಡ್ಡದು ಬೇಕಾಗುವುದು ಸಾಮಾನ್ಯ. ಈಗ ಗಮನಿಸಿ: ಎರಡು ಕಪ್ಪಿನ ನಡುವಿನ ಭಾಗ ಎದೆಮೂಳೆಗೆ ಅಂಟಿ ಕೂತಿರಬೇಕು. ಕಪ್ಪಿನ ಕೆಳ ಅಂಚಿನ ತಂತಿ ಸ್ತನದ ಬುಡವನ್ನು ಪೂರ್ತಿ ಸುತ್ತಬೇಕು, ಎಲ್ಲೂ ಸ್ತನದ ಮೇಲೆ ಏರಿರಬಾರದು. ನಡುಭಾಗ ಎದ್ದು ನಿಂತರೆ ಸಾಮಾನ್ಯವಾಗಿ ಕಪ್ ಚಿಕ್ಕದು.

ಬ್ಯಾಂಡ್ ಬಿಗಿ ಅನ್ನಿಸಿದರೆ ದೊಡ್ಡ ಬ್ಯಾಂಡಿಗೆ ಹಾರುವ ಮುನ್ನ ಒಂದು ಪರೀಕ್ಷೆ ಮಾಡಿ. ಬ್ರಾವನ್ನು ತಿರುಗಿಸಿ, ಕಪ್‌ಗಳು ಬೆನ್ನಿಗೆ ಬರುವಂತೆ ಹುಕ್ಕು ಹಾಕಿಕೊಳ್ಳಿ. ಹೀಗೆ ಹಾಯಾಗಿದ್ದು, ಸರಿಯಾಗಿ ತೊಟ್ಟಾಗ ಮಾತ್ರ ಬಿಗಿದರೆ, ಕಪ್ಪಿನಲ್ಲಿ ಜಾಗ ಸಾಲದೆ ಸ್ತನ ಪಟ್ಟಿಯನ್ನು ಎಳೆಯುತ್ತಿದೆ. ಬ್ಯಾಂಡ್ ಅದೇ ಇರಲಿ, ಕಪ್ ಏರಿಸಿ. ಭಾರದ ಬಹುಪಾಲನ್ನು ಹೊರಬೇಕಾದ್ದು ಬ್ಯಾಂಡೇ. ಅದು ಸಡಿಲವಾದರೆ ಹೊರೆಯೆಲ್ಲ ಹೆಗಲಿಗೆ ಬೀಳುತ್ತದೆ. ಸ್ಟ್ರ್ಯಾಪ್ ಎಷ್ಟು ಬಿಗಿದರೂ ಬೆನ್ನಿನ ಪಟ್ಟಿ ಇನ್ನಷ್ಟು ಮೇಲೇರುತ್ತದೆಯೇ ಹೊರತು ಸ್ತನ ನಿಲ್ಲುವುದಿಲ್ಲ.

ಅಳತೆ ಸರಿಯಿದ್ದೂ ಕೂರದಿದ್ದರೆ ಆಕಾರ ನೋಡಬೇಕು. ಅನೇಕರು ಸೋಲುವುದು ಇಲ್ಲೂ, ಆದ್ದರಿಂದ ಸ್ವಲ್ಪ ತಾಳ್ಮೆ ಇರಲಿ. ಕಪ್ಪಿನ ಮೇಲ್ಭಾಗ ಖಾಲಿ ಇದ್ದರೆ ಕಪ್ ದೊಡ್ಡದಾಯಿತು ಎಂದುಕೊಳ್ಳುತ್ತೇವೆ. ಬುಡ ಕಿರಿದಾಗಿ ಮುಂದಕ್ಕೆ ಚಾಚಿದ ಸ್ತನದಲ್ಲಿ ಎಷ್ಟೋ ಸಲ ವಿಷಯ ಉಲ್ಟಾ. ಕಿರಿದಾದ ಲೋಟದ ಬಾಯಿಗೆ ಕಿತ್ತಳೆ ಇಟ್ಟು ನೋಡಿ. ಹಣ್ಣು ಬಾಯಲ್ಲೇ ಸಿಕ್ಕಿಕೊಂಡು ತಳ ಖಾಲಿ ಉಳಿಯುತ್ತದೆ. ಆಳವಿಲ್ಲದ ಕಪ್ಪಿನಲ್ಲೂ ಸ್ತನ ತಳಕ್ಕೆ ಇಳಿಯದೆ ಬ್ರಾವನ್ನೇ ಕೆಳಕ್ಕೆ ತಳ್ಳುತ್ತದೆ. ತಂತಿ ಸ್ತನದ ಬುಡದಿಂದ ಒಂದೆರಡು ಬೆರಳು ಕೆಳಗೆ ಜಾರಿದ್ದರೆ ಇದೇ ಕಾರಣ. ಚಿಕ್ಕ ಕಪ್ ಕೊಂಡರೆ ಕಷ್ಟ ಹೆಚ್ಚುತ್ತದೆ. ಬೇಕಾದ್ದು ಆಳ.

ಆಳ ಕೊಡುವುದು ಹೊಲಿಗೆ. ಅಚ್ಚು ಒತ್ತಿದ ಫೋಮ್ ಕಪ್ ಸಾಮಾನ್ಯವಾಗಿ ಅಗಲವಾಗಿ ಚಪ್ಪಟೆಯಾಗಿರುತ್ತದೆ, ಎಚ್ ಮೇಲಿನ ಅಳತೆಗೆ ಅದು ಒಗ್ಗುವುದು ಅಪರೂಪ. ಮೂರು ತುಂಡು ಬಟ್ಟೆ ಸೇರಿಸಿ ಹೊಲಿದು, ಪಕ್ಕದಲ್ಲಿ ಒಳಪಟ್ಟಿ ಕೊಟ್ಟ ಕಪ್ ಸ್ತನವನ್ನು ಮುಂದಕ್ಕೆ ತಂದು ನಿಲ್ಲಿಸುತ್ತದೆ. ಕಪ್ಪಿನ ಮೇಲಂಚು ಹಿಗ್ಗುವ ಲೇಸಿನದಾದರೆ ಎರಡು ಸ್ತನ ಬೇರೆ ಬೇರೆ ಗಾತ್ರವಿದ್ದರೂ ಸುಧಾರಿಸುತ್ತದೆ. ಆಗ ದೊಡ್ಡ ಸ್ತನಕ್ಕೆ ತಕ್ಕ ಕಪ್ ತೆಗೆದುಕೊಂಡು, ಇನ್ನೊಂದು ಕಡೆಯ ಸ್ಟ್ರ್ಯಾಪ್ ಗಿಡ್ಡ ಮಾಡಿ ಇಲ್ಲವೇ ತೆಳು ಪ್ಯಾಡ್ ಇಡಿ. ತಂತಿ ಕಂಕುಳಿಗೆ ಚುಚ್ಚಿದರೆ, ಅದು ಅಗಲ ಹೆಚ್ಚಾಯಿತೋ ಎತ್ತರ ಹೆಚ್ಚಾಯಿತೋ ಎಂದು ಬೆರಳಿಟ್ಟು ನೋಡಿ ಮಾದರಿ ಬದಲಿಸಿ.

ಫ್ರೇಯಾ, ಪ್ಯಾನಾಶ್, ಎಲೋಮಿ, ಕರ್ವಿ ಕೇಟ್ ಬ್ರಾಂಡುಗಳು ದೊಡ್ಡ ಕಪ್ಪಿಗೆಂದೇ ಹೊಲಿಯುತ್ತವೆ. ಪೋಲೆಂಡಿನ ಎವಾ ಮಿಹಾಲಕ್ ಆಳವಾದ, ಕಿರಿದಾದ ಕಪ್ಪಿಗೆ ಹೆಸರಾದದ್ದು. ಆನ್‌ಲೈನಿನಲ್ಲಿ ಒಂದೇ ಮಾದರಿಯನ್ನು ಅಕ್ಕಪಕ್ಕದ ಎರಡು ಅಳತೆಯಲ್ಲಿ ತರಿಸಿ, ಲೇಬಲ್ ಕೀಳದೆ, ಮನೆಯಲ್ಲೇ ಹತ್ತು ನಿಮಿಷ ತೊಟ್ಟು ಕೂತು, ಬಾಗಿ, ಕೈ ಎತ್ತಿ ನೋಡಿ. ಕೈ ಎತ್ತಿದಾಗ ಸ್ತನ ತಂತಿಯ ಕೆಳಗಿಂದ ಜಾರಿದರೆ ಅದನ್ನು ವಾಪಸ್ ಕಳಿಸಿ.